ರಟ್ಟಿನ ಒರಳು

ಶಿಕಾಗೊದ ಡೆವನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್‌ನವರು ಮೊದಲ ದಿನಸಿ ಅಂಗಡಿ ತೆರೆದದ್ದು 1974ರಲ್ಲಿ. ಇಂದು ಆ ಬೀದಿಯಲ್ಲಿ ಅಡುಗೆಮನೆಗೆ ಬೇಕಾದ ಮುಕ್ಕಾಲು ಪಾಲು ಸಿಗುತ್ತದೆ. ಒರಳುಕಲ್ಲನ್ನು ಮಾತ್ರ ವಿಮಾನದಲ್ಲಿ ಹೊತ್ತು ತರುವವರು ಯಾರು? ದಸರೆಯ ಗೊಂಬೆ ಹಬ್ಬಕ್ಕೆ ಹಳ್ಳಿಮನೆ ಜೋಡಿಸುವ ಮಕ್ಕಳಿಗೆ, ದಿನಸಿ ತುಂಬಿ ಬಂದ ರಟ್ಟಿನ ಪೆಟ್ಟಿಗೆಯೇ ಗತಿ.

ರಟ್ಟಿಗೊಂದು ದಿಕ್ಕಿದೆ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದ ಇರುತ್ತದಲ್ಲ, ಆ ಅಲೆಯ ಗೆರೆಗಳು ನೆಟ್ಟಗೆ ನಿಲ್ಲುವಂತೆ ಹಿಡಿದು ಸುತ್ತಿದರೆ ಒರಳಿನ ದುಂಡು ಸಲೀಸಾಗಿ ಬರುತ್ತದೆ. ಅಡ್ಡ ಹಿಡಿದರೆ ಮುರಿಯುತ್ತದೆ, ಸುಕ್ಕಾಗುತ್ತದೆ. ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ 1871ರಲ್ಲಿ ಇಂಥ ಅಲೆಕಾಗದಕ್ಕೆ ಪೇಟೆಂಟ್ ಪಡೆದದ್ದು ಬಾಟಲಿ ಒಡೆಯದಂತೆ ಸುತ್ತುವುದಕ್ಕೆ. ಅಮೆರಿಕದ ರಾಷ್ಟ್ರೀಯ ಆಟಿಕೆಗಳ ಗೌರವಪಟ್ಟಿಗೆ 2005ರಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಯೂ ಸೇರಿತು. ದುಬಾರಿ ಆಟಿಕೆ ಕೊಂಡ ಅಪ್ಪಅಮ್ಮಂದಿರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ!

ಕತ್ತರಿಸುವುದು ಸುಲಭ, ಅಳತೆಯೇ ಕಷ್ಟ. ಕುಳಿ ಎಷ್ಟು ಆಳ? ಗುಂಡುಕಲ್ಲಿನ ತಲೆ ಎಷ್ಟು ಮೇಲೆ ಬರಬೇಕು? ತಿರುಗಿಸುವವರು ಕಾಲು ಚಾಚಿ ಕೂರುತ್ತಿದ್ದರೇ, ಮಡಿಚಿಯೇ? ಮಿಕ್ಸಿಯ ಮನೆಯಲ್ಲಿ ಬೆಳೆದ ಅಪ್ಪಅಮ್ಮನಿಗೂ ಉತ್ತರ ತಿಳಿಯದು. ಊರಿನ ಅಜ್ಜಿಗೆ ಫೋನ್ ಹೋಗುತ್ತದೆ. ಅಜ್ಜಿ ಅಳತೆ ಹೇಳುವುದು ಇಂಚಿನಲ್ಲಲ್ಲ, ಗೇಣಿನಲ್ಲಿ. ಯಾರ ಗೇಣು ಎಂಬ ಚರ್ಚೆ ಬೇರೆ!

ಕೊನೆಗೆ ಮೈದಾ ಅಂಟಿನಲ್ಲಿ ಕಾಗದ ಮೆತ್ತಿ, ಚೆನ್ನಾಗಿ ಒಣಗಿಸಿ ಬಣ್ಣ ಹಚ್ಚಿ. ಬರೀ ಬೂದುಬಣ್ಣ ಬಳಿದರೆ ಸಿಮೆಂಟು ಅನ್ನಿಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಪ್ಪು, ಬಿಳಿ ಚುಕ್ಕಿಗಳನ್ನು ಸಿಡಿಸಿ.