ಭಾಷಾ ತರಗತಿಯಲ್ಲಿ ಆಟದ ಅಂಶಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪ್ರೌಢಶಾಲೆಯ ಕೊಠಡಿ, ಕುಡಿಯುವ ನೀರು, ಶೌಚಾಲಯಗಳ ಕುರಿತು ತಾವು ಸಭೆಗಳಲ್ಲಿ ಚರ್ಚಿಸುತ್ತಾ ಬಂದಿದ್ದೀರಿ. ಆ ಕೊಠಡಿಯೊಳಗೆ ಪ್ರತಿಯೊಂದು ಮಗುವೂ ಬಾಯಿ ತೆರೆದು ಮಾತನಾಡುತ್ತಿದೆಯೇ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿವೆ. ಗಣಿತ, ವಿಜ್ಞಾನಗಳ ಪ್ರಶ್ನೆಯನ್ನು ಓದಿ ಅರಿಯುವುದಕ್ಕೂ ಭಾಷೆಯೇ ಆಧಾರ. ಭಾಷೆಯಲ್ಲಿ ಹಿಂದುಳಿದ ಮಗು ಇತರ ವಿಷಯಗಳಲ್ಲಿಯೂ ಹಿಂದುಳಿಯಬಹುದು. ಕೊನೆಗೆ ಶಾಲೆಯನ್ನೇ ಬಿಡುವ ಸಂಭವವೂ ಇದೆ.

ಹದಿಹರೆಯದ ಮಕ್ಕಳಿಗೆ ಸಹಪಾಠಿಗಳ ನಗೆಯು ಶಿಕ್ಷೆಗಿಂತಲೂ ಕಠಿಣ. ತಪ್ಪಾದೀತೆಂಬ ಅಂಜಿಕೆಯಿಂದ ಮಗು ಮೌನ ವಹಿಸುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಮಾತನಾಡುವ ಮಕ್ಕಳಲ್ಲಿ ಈ ಅಂಜಿಕೆ ಇನ್ನೂ ಹೆಚ್ಚಿರಬಹುದು. ಮಾತನಾಡದೆ ಭಾಷೆ ಬಾರದು.

ಆಟವು ನೆರವಾಗುವುದು ಇಲ್ಲಿಯೇ. ಚೌಕಾಬಾರದಲ್ಲಿ ಕಾಯಿ ಕಳೆದುಕೊಂಡವನನ್ನು ಯಾರೂ ದಡ್ಡನೆನ್ನುವುದಿಲ್ಲ. ಅವನು ಮತ್ತೆ ಮನೆಯಿಂದ ಕಾಯಿ ನಡೆಸುತ್ತಾನೆ. ಸ್ಪಷ್ಟವಾದ ಗುರಿ, ಎಲ್ಲರಿಗೂ ಒಂದೇ ನಿಯಮ, ಕೂಡಲೇ ತಿಳಿಯುವ ಫಲಿತಾಂಶ, ಮರುಪ್ರಯತ್ನಕ್ಕೆ ಅವಕಾಶ: ಈ ನಾಲ್ಕು ಅಂಶಗಳನ್ನು ಪಾಠಕ್ಕೆ ಅಳವಡಿಸುವುದೇ ಆಟದ ಮೂಲಕ ಕಲಿಸುವ ವಿಧಾನ.

ಉದಾಹರಣೆಗೆ, ವ್ಯಾಕರಣ ಪಾಠದಲ್ಲಿ ಒಂದು ಚೀಟಿಯಲ್ಲಿ ‘ಮಳೆ’, ಇನ್ನೊಂದರಲ್ಲಿ ‘ಕಾಲ’ ಎಂದು ಬರೆದು ಹಂಚಬಹುದು. ಚೀಟಿ ಪಡೆದ ಮಕ್ಕಳು ತಮ್ಮ ಜೊತೆಗಾರರನ್ನು ಹುಡುಕಿ ‘ಮಳೆಗಾಲ’ ಎಂದು ಕೂಡಿಸಿ, ಅದು ಆದೇಶ ಸಂಧಿಯೆಂದು ಹೇಳಬೇಕು. ‘ಮನೆ’, ‘ಅಲ್ಲಿ’ ಪಡೆದವರಿಗೆ ‘ಮನೆಯಲ್ಲಿ’ ಎಂಬ ಆಗಮ ಸಂಧಿ ದೊರೆಯುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಬಸ್ಸುಗಳ ವೇಳಾಪಟ್ಟಿಯ ಅರ್ಧಭಾಗವನ್ನು ಒಬ್ಬರಿಗೆ, ಉಳಿದರ್ಧವನ್ನು ಮತ್ತೊಬ್ಬರಿಗೆ ಕೊಟ್ಟರೆ, ಇಂಗ್ಲಿಷಿನಲ್ಲಿಯೇ ಪರಸ್ಪರ ಪ್ರಶ್ನಿಸದೆ ಪಟ್ಟಿ ಪೂರ್ಣವಾಗದು. ಇವುಗಳಿಗೆ ಹಳೆಯ ಕಾಗದವಷ್ಟೇ ಸಾಕು, ಮೊಬೈಲ್ ಬೇಕಿಲ್ಲ.

ಇದು ನಮಗೆ ಹೊಸದೂ ಅಲ್ಲ. ಒಗಟು, ಅಂತ್ಯಾಕ್ಷರಿಗಳು ನಮ್ಮ ಮನೆಯಂಗಳದ ಭಾಷಾ ಪಾಠಗಳಾಗಿದ್ದವು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ, ಪ್ರಸಂಗದ ಚೌಕಟ್ಟಿನೊಳಗೆ, ಸ್ಥಳದಲ್ಲಿಯೇ ಮಾತು ಕಟ್ಟುತ್ತಾರೆ. ನಿಯಮವೂ ಸ್ವಾತಂತ್ರ್ಯವೂ ಒಂದಾಗುವ ಮಾತಿನ ಕಲೆ ಅದು.

ಆದರೆ ಒಂದು ಎಚ್ಚರಿಕೆ ಅಗತ್ಯ. ಅಂಕ, ಬಹುಮಾನ, ಶ್ರೇಯಾಂಕಗಳೇ ಪ್ರಧಾನವಾದರೆ ಗೆಲ್ಲುವವರು ಅದೇ ನಾಲ್ಕು ಮಕ್ಕಳು; ಉಳಿದವರು ಮತ್ತೆ ಮೌನಕ್ಕೆ ಜಾರುತ್ತಾರೆ. ಆದುದರಿಂದ ಅಂಕವು ಗುಂಪಿಗೆ ಸಲ್ಲಲಿ. ಗುಂಪಿನ ಪರವಾಗಿ ಉತ್ತರಿಸುವ ಸರದಿ ಎಲ್ಲರಿಗೂ ಬರಲಿ. ಆಟ ಮುಗಿದ ಬಳಿಕ ಕಲಿತದ್ದನ್ನು ಮಗು ಬರೆಯಲಿ. ಬರವಣಿಗೆಯಿಲ್ಲದ ಆಟ ಕೇವಲ ಕಾಲಕ್ಷೇಪವಾದೀತು.

ಪಾಠವನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವುದು ಶಿಕ್ಷಕರ ಕಾರ್ಯ; ಅದಕ್ಕೆ ಅನುವು ಮಾಡಿಕೊಡುವುದು ನಮ್ಮ ಕಾರ್ಯ. ತಾವು ಮೂರು ಕೆಲಸಗಳನ್ನು ಮಾಡಬಹುದು.

ಮೊದಲನೆಯದಾಗಿ, ಶಾಲಾಭಿವೃದ್ಧಿ ಸಮಿತಿಯವರನ್ನು ಕಂಡಾಗ ಫಲಿತಾಂಶದ ಶೇಕಡಾವಾರು ಜೊತೆಗೆ, ತರಗತಿಯಲ್ಲಿ ಮಾತನಾಡದೆ ಉಳಿದ ಮಕ್ಕಳೆಷ್ಟು ಎಂಬುದನ್ನೂ ವಿಚಾರಿಸಿರಿ.

ಎರಡನೆಯದಾಗಿ, ಪಂಚಾಯಿತಿ ಗ್ರಂಥಾಲಯದಲ್ಲಿ ನಿಘಂಟು, ಪದಬಂಧ, ಒಗಟಿನ ಪುಸ್ತಕಗಳನ್ನು ಇರಿಸಿ, ಶಾಲೆ ಬಿಟ್ಟ ಬಳಿಕ ಮಕ್ಕಳು ಬರಲು ಅನುಕೂಲವಾಗುವ ಹೊತ್ತಿನಲ್ಲಿ ತೆರೆದಿಡಿರಿ. ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬುದು ಗಮನದಲ್ಲಿರಲಿ.

ಮೂರನೆಯದಾಗಿ, ಮಕ್ಕಳ ಗ್ರಾಮ ಸಭೆಯನ್ನು ನಿಜವಾದ ಭಾಷಾ ತರಗತಿಯೆಂದು ಭಾವಿಸಿರಿ. ಮಕ್ಕಳೇ ಮನವಿ ಬರೆಯಲಿ, ಓದಲಿ, ವಾದಿಸಲಿ. ತಾವು ಲಿಖಿತವಾಗಿ ಉತ್ತರಿಸಿರಿ. ತನ್ನ ಮಾತಿನಿಂದ ಬೀದಿದೀಪವೊಂದು ಬೆಳಗಿತೆಂದು ಕಂಡ ಮಗುವಿಗೆ ಭಾಷೆಯ ಪ್ರಯೋಜನವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇಂದು ತರಗತಿಯಲ್ಲಿ ಅಂಜದೆ ಮಾತನಾಡುವ ಮಗುವೇ ನಾಳೆ ಗ್ರಾಮ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ ಪ್ರಜೆ. ಆ ಪ್ರಜೆಯನ್ನು ರೂಪಿಸುವ ಕಾರ್ಯದಲ್ಲಿ ತಾವೆಲ್ಲರೂ ಕೈಜೋಡಿಸಬೇಕೆಂದು ಕೋರುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.