ಹುಲಿಗೆ ಕೊಟ್ಟ ಮಾತು



ಮಕ್ಕಳ ಚಿತ್ರಪುಸ್ತಕಗಳ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದೀರಿ. ಸಾಹಸ ಕತೆ ಎಂದೊಡನೆ ಪುಣೆಯಲ್ಲಿ ಬೆಳೆದವರಿಗೆ ನೆನಪಾಗುವವನು ಭಾ. ರಾ. ಭಾಗವತರ ಫಾಸ್ಟರ್ ಫೇಣೆ. ಫುರಸುಂಗಿಯಿಂದ ಬಂದು ಪುಣೆಯ ಶಾಲೆ ಸೇರಿದ ಆ ಸಣಕಲು ಹುಡುಗ ಮರಾಠಿ ಮಕ್ಕಳ ಅಚ್ಚುಮೆಚ್ಚು. 2017ರಲ್ಲಿ ಅವನ ಮೇಲೆ ಸಿನಿಮಾ ಕೂಡ ಬಂತು. "ಕನ್ನಡದಲ್ಲಿ ಇಂಥದ್ದು ಏನಿದೆ ಆಂಟಿ?" ಎಂದು ನಮ್ಮ ಭಾನುವಾರದ ಕತೆಯ ಗುಂಪಿನಲ್ಲಿ ಮಕ್ಕಳು ಕೇಳಿದಾಗ ನಾನು ಅವರ ಮುಂದಿಟ್ಟದ್ದು ಗೋವಿನ ಹಾಡಿನ ಚಿತ್ರಪುಸ್ತಕ.

ಹಸುವಿನ ಕತೆ ಸಾಹಸ ಕತೆಯೇ ಎಂದು ನಿಮಗೆ ಅನ್ನಿಸಬಹುದು. ಕಾಡಿದೆ, ಹಸಿದ ಹುಲಿ ಅರ್ಬುತನಿದ್ದಾನೆ, ದೊಡ್ಡಿಯಲ್ಲಿ ಹಾಲಿಗೆ ಕಾದ ಕರುವಿದೆ. ಕರುವಿಗೆ ಹಾಲು ಕೊಟ್ಟು ಮರಳಿ ಬರುತ್ತೇನೆ ಎಂದು ಪುಣ್ಯಕೋಟಿ ಮಾತು ಕೊಡುತ್ತಾಳೆ. ಪುಟ ತಿರುಗಿಸುವ ಮೊದಲು ನಾನು ನಿಲ್ಲಿಸಿ, "ಈಗ ಏನು ಮಾಡುತ್ತಾಳೆ?" ಎಂದು ಕೇಳಿದೆ. ಎಂಟು ವರ್ಷದ ಹುಡುಗಿಯೊಬ್ಬಳು ಥಟ್ಟನೆ, "ಹುಲಿ ಫ್ರೆಂಡ್ ಅಲ್ಲವಲ್ಲ, ಅದಕ್ಕೆ ಕೊಟ್ಟ ಮಾತು ಯಾಕೆ ಉಳಿಸಬೇಕು?" ಎಂದಳು.

ಪ್ರಶ್ನೆ ಸಣ್ಣದಲ್ಲ. "ಸತ್ಯ ದೊಡ್ಡದು" ಎಂದು ಬುದ್ಧಿ ಹೇಳಿ ಮುಗಿಸಿದರೆ ಮಕ್ಕಳು ತಲೆಯಾಡಿಸುತ್ತಾರೆ, ಒಪ್ಪುವುದಿಲ್ಲ. ಹಾಗಾಗಿ ಉತ್ತರ ಹೇಳದೆ ಮುಂದಿನ ಚಿತ್ರ ತೋರಿಸಿದೆ. ಅದರಲ್ಲಿ ಪುಣ್ಯಕೋಟಿ ಒಬ್ಬಳೇ ಇಲ್ಲ, ಸುತ್ತ ಬೇರೆ ಹಸುಗಳಿವೆ. ಅವರನ್ನು ಅಮ್ಮ, ಅಕ್ಕ ಎಂದು ಕರೆದು ತನ್ನ ಕಂದನನ್ನು ಅವರಿಗೆ ಒಪ್ಪಿಸುತ್ತಾಳೆ. ಹಾಯಬೇಡಿ, ಒದೆಯಬೇಡಿ, ನಿಮ್ಮವನೆಂದೇ ನೋಡಿಕೊಳ್ಳಿ ಎನ್ನುತ್ತಾಳೆ. ಹುಲಿಗೆ ಕೊಟ್ಟ ಮಾತನ್ನು ಅವಳು ಉಳಿಸಲು ಆದದ್ದು ಈ ಗೆಳತಿಯರ ಮೇಲೆ ಅವಳಿಗಿದ್ದ ನಂಬಿಕೆಯಿಂದ. ನಾವೆಲ್ಲ ಹುಲಿಯನ್ನು ನೆನಪಿಟ್ಟು ಈ ಹಸುಗಳನ್ನು ಮರೆಯುತ್ತೇವೆ. ತವರಿನಿಂದ ದೂರ ಬಂದು, ಪಕ್ಕದ ಮನೆಯವರಿಗೆ ಮಗುವನ್ನು ಒಪ್ಪಿಸಿ ಕೆಲಸಕ್ಕೆ ಓಡುವ ನಮಗೆ ಆ ಪುಟದ ಬೆಲೆ ಚೆನ್ನಾಗಿ ಗೊತ್ತು.

ಮರುವಾರ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದಿದೆವು. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನದ ಕತೆ ಅದು, ಆದರೆ ಕುವೆಂಪು ಕೈಯಲ್ಲಿ ಅಪ್ಪಟ ನಮ್ಮ ಹಳ್ಳಿಯದಾಗಿದೆ. ಅಲ್ಲಿ ಇಲಿಗಳ ಕಾಟ ತೀರಿದ ಮೇಲೆ ಗೌಡ ಮಾತಿಗೆ ತಪ್ಪುತ್ತಾನೆ. ಜೋಗಿ ಮತ್ತೆ ಕಿಂದರಿ ಬಾರಿಸುತ್ತಾನೆ, ಮಕ್ಕಳೆಲ್ಲ ಅವನ ಹಿಂದೆ ಹೋಗುತ್ತಾರೆ. ಹಿಂದೆ ಉಳಿದವನು ನಡೆಯಲಾಗದ ಒಬ್ಬ ಹುಡುಗ. ಅದೇ ಹುಡುಗಿ ಈಗ ಹೇಳಿದ್ದು: "ಮಾತು ತಪ್ಪಿದ್ದು ದೊಡ್ಡವರು, ಹೋಗಿದ್ದು ಮಕ್ಕಳು." ಹುಲಿಯ ಪ್ರಶ್ನೆಗೆ ಅವಳೇ ಅರ್ಧ ಉತ್ತರ ಹುಡುಕಿಕೊಂಡಿದ್ದಳು.

ಗೆಳತಿಯರೇ, "ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ" ಎಂದು ಕೈಚೆಲ್ಲಬೇಡಿ. ದೇವನಾಗರಿ ಬಲ್ಲ ಮಗುವಿಗೆ ನಮ್ಮ ವರ್ಣಮಾಲೆಯ ಕ್ರಮ ಗೊತ್ತೇ ಇರುತ್ತದೆ. ಹ್ರಸ್ವ ಎ, ಒ ಮಾತ್ರ ಹೊಸದು, ಅಕ್ಷರದ ರೂಪ ಕಲಿತರೆ ಸಾಕು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಮೊದಲು ಚಿತ್ರ ನೋಡಿ ಕತೆ ಊಹಿಸಲಿ, ಆಮೇಲೆ ನೀವು ಓದಿ, ಕೊನೆಗೆ ಅವರೇ ಒಂದು ಸಾಲು ಓದಲಿ. ದಿನಕ್ಕೆ ಹತ್ತು ನಿಮಿಷ ಸಾಕು.

ಒಂದೇ ಎಚ್ಚರ. "ನಾಳೆ ಇನ್ನೊಂದು ಕತೆ ಓದುತ್ತೇನೆ" ಎಂದು ಹೇಳಿದರೆ ನಾಳೆ ಓದಲೇಬೇಕು. ಪುಣ್ಯಕೋಟಿಯ ಕತೆ ಕೇಳಿದ ಮಕ್ಕಳು ಲೆಕ್ಕ ಇಡುತ್ತಾರೆ!