ರಕ್ತದ ಬಳುವಳಿ

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮನೆಮನೆಯಲ್ಲೂ ನಡೆಯುವ ಒಂದು ವಾಗ್ವಾದವನ್ನು ನೀವೆಲ್ಲ ಬಲ್ಲಿರಿ. ಮೂಗು ನಮ್ಮ ಅಜ್ಜಿಯದೇ ಎಂದು ತಾಯಿಯ ಕಡೆಯವರು; ಅಲ್ಲ, ದೊಡ್ಡಪ್ಪನ ಮೂಗನ್ನೇ ತಂದು ಇಟ್ಟ ಹಾಗಿದೆ ಎಂದು ತಂದೆಯ ಕಡೆಯವರು. ನಿಜ ಹೇಳಬೇಕೆಂದರೆ ಆ ವಯಸ್ಸಿನಲ್ಲಿ ಮಗುವಿಗೆ ಇರುವುದು ಮೂಗೇ ಅಲ್ಲ, ಒಂದು ಗುಂಡಿ. ಆದರೂ ವಾದದ ಹಿಂದೆ ಇರುವ ನಂಬಿಕೆ ಸುಳ್ಳಲ್ಲ. ತಂದೆತಾಯಿಗಳಿಂದ ಮಕ್ಕಳಿಗೆ ಏನೋ ಇಳಿದು ಬರುತ್ತದೆ. ಆ ಏನೋ ಎಂಬುದು ಏನು, ಹೇಗೆ ಬರುತ್ತದೆ, ಒಂದು ಇಡೀ ಜನಸಮುದಾಯದಲ್ಲಿ ಅದು ಹೆಚ್ಚುವುದು ತಗ್ಗುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ. ಮೂಗಿನ ಮಾತನ್ನು ಬಿಟ್ಟುಬಿಡೋಣ. ಅದರ ಆಕಾರಕ್ಕೆ ಹತ್ತಾರು ಕಾರಣಗಳು ಕೂಡಿಕೊಂಡಿವೆ, ಬೇಗ ಬಿಡಿಸಲಾರದ ಸಿಕ್ಕು ಅದು. ರಕ್ತದ ಮಾತು ಆಡೋಣ.

ಬಹಳ ಕಾಲದವರೆಗೆ ಪಂಡಿತರೂ ಪಾಮರರೂ ನಂಬಿದ್ದುದು ಇಷ್ಟು: ತಂದೆಯ ಗುಣ, ತಾಯಿಯ ಗುಣ ಎರಡೂ ಮಗುವಿನಲ್ಲಿ ಡಿಕಾಕ್ಷನ್ನೂ ಹಾಲೂ ಬೆರೆತ ಹಾಗೆ ಬೆರೆಯುತ್ತವೆ. ಇದು ನಿಜವಾಗಿದ್ದಿದ್ದರೆ ಒಂದು ತೊಂದರೆ ಉಂಟು. ಬೆರೆಸುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಊರಿನ ಜನರೆಲ್ಲ ಒಂದೇ ಬಣ್ಣದ ಕಾಫಿಯಾಗಿ ಬಿಡಬೇಕು. ಹಾಗೆ ಆಗಿಲ್ಲವೆಂಬುದಕ್ಕೆ ನಿಮ್ಮ ಬೀದಿಯನ್ನು ನೋಡಿದರೆ ಸಾಕು. ಈ ತೊಡಕನ್ನು ಬಿಡಿಸಿದವನು ಬ್ರುನ್ ಎಂಬ ಪಟ್ಟಣದ ಮಠದಲ್ಲಿದ್ದ ಮೆಂಡಲ್ ಎಂಬ ಸಂನ್ಯಾಸಿ. ಆ ಊರು ಈಗ ಚೆಕ್ ದೇಶದಲ್ಲಿದೆ. ಆತ ಮಠದ ತೋಟದಲ್ಲಿ ಬಟಾಣಿ ಬೆಳೆದ. ಗುಂಡುಕಾಳಿನ ಗಿಡಕ್ಕೂ ಸುಕ್ಕುಕಾಳಿನ ಗಿಡಕ್ಕೂ ಸಂಕರ ಮಾಡಿದ. ಮೊದಲ ತಲೆಮಾರಿನಲ್ಲಿ ಎಲ್ಲವೂ ಗುಂಡುಕಾಳು. ಸುಕ್ಕು ಅಳಿದೇ ಹೋಯಿತೆನ್ನಬೇಕು. ಅವನ್ನೇ ಮತ್ತೆ ಬಿತ್ತಿ ಬಂದ ಕಾಳನ್ನು ಎಣಿಸಿದರೆ ಗುಂಡಾದವು ೫೪೭೪, ಸುಕ್ಕಾದವು ೧೮೫೦. ಮೂರಕ್ಕೆ ಒಂದು. ಅಂದರೆ ಸುಕ್ಕಿನ ಗುಣ ಅಳಿದಿರಲಿಲ್ಲ, ಅಡಗಿತ್ತು ಅಷ್ಟೆ. ಬೆರೆತದ್ದು ಕಾಫಿಯಲ್ಲಿ ಹಾಲು ಬೆರೆತ ಹಾಗಲ್ಲ, ಅಕ್ಕಿಯಲ್ಲಿ ರಾಗಿ ಬೆರೆತ ಹಾಗೆ. ಜರಡಿ ಹಿಡಿದರೆ ರಾಗಿ ರಾಗಿಯಾಗಿಯೇ ಹೊರಗೆ ಬರುತ್ತದೆ. ೧೮೬೫ರಲ್ಲಿ ಮೆಂಡಲ್ ಇದನ್ನು ಸಭೆಯಲ್ಲಿ ಓದಿದ, ಮರುವರ್ಷ ಅಚ್ಚಾಯಿತು, ಯಾರೂ ಕಿವಿಗೊಡಲಿಲ್ಲ. ೧೮೮೪ರಲ್ಲಿ ಆತ ತೀರಿಕೊಂಡ. ೧೯೦೦ರಲ್ಲಿ ಲೋಕ ಅವನನ್ನು ಕಂಡುಕೊಂಡಿತು.

ಈ ಕಾಳಿನಂಥ ಬಿಡಿ ವಸ್ತುವಿಗೆ ಜೀನು ಎಂದು ಹೆಸರು. ಒಂದೊಂದು ಜೀನೂ ನಮ್ಮಲ್ಲಿ ಸಾಮಾನ್ಯವಾಗಿ ಜೋಡಿಯಾಗಿರುತ್ತದೆ, ತಂದೆಯಿಂದ ಬಂದದ್ದು ಒಂದು, ತಾಯಿಯಿಂದ ಬಂದದ್ದು ಒಂದು. ನಾವು ನಮ್ಮ ಮಕ್ಕಳಿಗೆ ಆ ಜೋಡಿಯಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಯಾವುದನ್ನು ಎಂಬುದು ನಮ್ಮ ಕೈಯಲ್ಲಿಲ್ಲ. ಕಾಸು ಚಿಮ್ಮಿದ ಹಾಗೆ.

ಈಗ ರಕ್ತಕ್ಕೆ ಬರೋಣ. ೧೯೧೦ರಲ್ಲಿ ಅಮೆರಿಕದ ಶಿಕಾಗೊ ನಗರದ ಹೆರಿಕ್ ಎಂಬ ವೈದ್ಯರು ಒಬ್ಬ ರೋಗಿಯ ವಿಚಾರ ಬರೆದರು. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡಗೆ ಇರಬೇಕಾದ ಕೆಂಪು ಕಣಗಳಲ್ಲಿ ಹಲವು ಬಾಗಿ, ಕುಡುಗೋಲಿನ ಆಕಾರ ತಾಳಿದ್ದವು. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಲುಬು ಕೀಲುಗಳಲ್ಲಿ ತಡೆಯಲಾರದ ನೋವು ಬರುತ್ತದೆ. ಆರೋಗ್ಯವಂತರ ಕೆಂಪುಕಣ ಸುಮಾರು ೧೨೦ ದಿನ ಬಾಳಿದರೆ ಇವು ಕೆಲವೇ ವಾರಗಳೊಳಗೆ ಒಡೆದು ಹೋಗುತ್ತವೆ, ಮಗು ಬಿಳಿಚಿಕೊಳ್ಳುತ್ತದೆ. ಔಷಧೋಪಚಾರವಿಲ್ಲದ ಕಾಲದಲ್ಲಿ ಇಂಥ ಮಕ್ಕಳು ದೊಡ್ಡವರಾದದ್ದೇ ಅಪರೂಪ.

ಇಷ್ಟು ದೊಡ್ಡ ಸಂಕಟಕ್ಕೆ ಕಾರಣ ಎಷ್ಟು ಚಿಕ್ಕದು ಗೊತ್ತೆ? ರಕ್ತಕ್ಕೆ ಕೆಂಪು ಕೊಡುವ ಹಿಮೊಗ್ಲೋಬಿನ್ ಎಂಬ ವಸ್ತುವೇ ಈ ರೋಗಿಗಳಲ್ಲಿ ಬೇರೆ ಬಗೆಯದೆಂದು ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಹಿಮೊಗ್ಲೋಬಿನ್ನಿನಲ್ಲಿ ೧೪೬ ಕೊಂಡಿಗಳ ಒಂದು ಬಗೆಯ ಸರಪಳಿ ಉಂಟು. ಅದರಲ್ಲಿ ಆರನೆಯ ಕೊಂಡಿಯೊಂದು ಬದಲಾಗಿದೆ, ಉಳಿದದ್ದೆಲ್ಲ ಸರಿಯಾಗಿಯೇ ಇದೆ ಎಂಬುದು ಕೇಂಬ್ರಿಜ್‌ನಲ್ಲಿದ್ದ ಇಂಗ್ರಾಮ್ ಅವರ ೧೯೫೬-೫೭ರ ಕೆಲಸದಿಂದ ತಿಳಿಯಿತು. ಯಾವುದೋ ಕಾಲದಲ್ಲಿ ಯಾರದೋ ದೇಹದಲ್ಲಿ ಜೀನನ್ನು ನಕಲು ಮಾಡುವಾಗ ಒಂದೇ ಒಂದು ಅಕ್ಷರ ತಪ್ಪಾಯಿತು. ಇಂಥ ಅಕ್ಷರತಪ್ಪಿಗೆ ಉತ್ಪರಿವರ್ತನೆ ಎಂದು ಹೆಸರು. ಗ್ರಂಥವನ್ನು ಪ್ರತಿ ಮಾಡುವ ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತದಲ್ಲ, ಹಾಗೆಯೇ ಇದೂ.

ಎರಡು ಜೀನುಗಳೂ ಕೆಟ್ಟವಾಗಿದ್ದರೆ ಮಾತ್ರ ಈ ಕುಡುಗೋಲು ಕಣದ ರೋಗ. ಒಂದು ಕೆಟ್ಟದ್ದು, ಇನ್ನೊಂದು ಒಳ್ಳೆಯದು ಆದರೆ ಆತ ವಾಹಕ. ವಾಹಕನು ರೋಗಿಯಲ್ಲ. ಉಣ್ಣುತ್ತಾನೆ, ದುಡಿಯುತ್ತಾನೆ, ಎಲ್ಲರಂತೆ ಮುದುಕನಾಗುತ್ತಾನೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಇಷ್ಟು ಕೊಲ್ಲುವ ಜೀನು ಲೋಕದಲ್ಲಿ ಇನ್ನೂ ಏಕೆ ಉಳಿದಿದೆ? ಈ ಪ್ರಶ್ನೆಗೆ ಸ್ವಲ್ಪ ಲೆಕ್ಕ ಬೇಕು. ಹೆದರಬೇಡಿ, ಮಗ್ಗಿ ಬಂದರೆ ಸಾಕು. ಇದರ ಮೂಲಸೂತ್ರವನ್ನು ೧೯೦೮ರಲ್ಲಿ ಹೇಳಿದವರು, ನಮ್ಮ ರಾಮಾನುಜನ್ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡ ಹಾರ್ಡಿಯವರೇ. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಬೇರೆಯಾಗಿ ಹೇಳಿದ. ತಮ್ಮ ಶುದ್ಧ ಗಣಿತ ಯಾರ ಉಪಯೋಗಕ್ಕೂ ಬಾರದೆಂದು ಹೆಮ್ಮೆಪಡುತ್ತಿದ್ದ ಹಾರ್ಡಿಯವರ ಹೆಸರು ಇಂದು ಪ್ರತಿ ಜೀವಶಾಸ್ತ್ರದ ವಿದ್ಯಾರ್ಥಿಯ ಬಾಯಲ್ಲೂ ಉಂಟು, ಅದೂ ಅವರು ಸಣ್ಣ ಲೆಕ್ಕವೆಂದು ಬಗೆದಿದ್ದ ಒಂದು ಕಾಗದಕ್ಕಾಗಿ!

ಒಂದು ಸಮುದಾಯದ ಜೀನುಗಳನ್ನೆಲ್ಲ ಒಂದು ದೊಡ್ಡ ಕೊಪ್ಪರಿಗೆಯಲ್ಲಿ ಹಾಕಿದೆವೆಂದು ಇಟ್ಟುಕೊಳ್ಳಿ. ಹತ್ತು ಕಾಳಿಗೆ ಒಂಬತ್ತು ಬಿಳಿ, ಒಂದು ಕಪ್ಪು. ಕಪ್ಪೆಂದರೆ ಕುಡುಗೋಲು ಜೀನು. ಕಣ್ಣು ಮುಚ್ಚಿ ಎರಡೆರಡು ಕಾಳು ತೆಗೆಯಿರಿ. ಒಂದೊಂದು ಜೋಡಿಯೂ ಒಂದೊಂದು ಮಗು. ನೂರು ಮಕ್ಕಳಲ್ಲಿ ಸುಮಾರು ೮೧ ಮಕ್ಕಳಿಗೆ ಎರಡೂ ಬಿಳಿ, ೧೮ಕ್ಕೆ ಒಂದು ಬಿಳಿ ಒಂದು ಕಪ್ಪು, ಒಂದಕ್ಕೆ ಮಾತ್ರ ಎರಡೂ ಕಪ್ಪು. ಬೇರೆ ಕಾರಣ ಬಾರದಿದ್ದರೆ ಮುಂದಿನ ತಲೆಮಾರಿನಲ್ಲೂ ಲೆಕ್ಕ ಇದೇ. ಜೀನು ತಾನಾಗಿ ಹೆಚ್ಚುವುದೂ ಇಲ್ಲ, ತಾನಾಗಿ ಸವೆಯುವುದೂ ಇಲ್ಲ. ಸಣ್ಣ ಹಾಡಿಗಳಲ್ಲಿ ಅದೃಷ್ಟದಿಂದಲೇ ಏರಿಳಿತವಾಗುವುದುಂಟು, ಆ ಮಾತು ಇರಲಿ.

ಈಗ ಆ ಒಂದು ಮಗು ಸತ್ತುಹೋಯಿತು ಎನ್ನಿ. ಉಳಿದವರು ೯೯, ಅವರ ಜೀನುಗಳು ೧೯೮, ಅದರಲ್ಲಿ ಕಪ್ಪು ೧೮. ಹತ್ತರಲ್ಲಿ ಒಂದು ಇದ್ದದ್ದು ಹನ್ನೊಂದರಲ್ಲಿ ಒಂದಾಯಿತು. ಮುಂದಿನ ತಲೆಮಾರಿಗೆ ಹನ್ನೆರಡರಲ್ಲಿ ಒಂದು, ಆಮೇಲೆ ಹದಿಮೂರರಲ್ಲಿ ಒಂದು. ಹೀಗೆ ಅರ್ಧಕ್ಕೆ ಇಳಿಯಲು ಹತ್ತು ತಲೆಮಾರು, ನೂರರಲ್ಲಿ ಒಂದಾಗಲು ತೊಂಬತ್ತು ತಲೆಮಾರು ಬೇಕು. ನಿಧಾನ ನಿಜ, ಆದರೆ ಇಳಿಯಲೇ ಬೇಕು. ಸಾವಿರಾರು ವರ್ಷ ಕಳೆದರೂ ಕೆಲವು ಸೀಮೆಗಳಲ್ಲಿ ನೂರಕ್ಕೆ ಇಪ್ಪತ್ತು ಮಂದಿ ವಾಹಕರು ಇರುವರೆಂದರೆ, ಯಾವುದೋ ಕೈ ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತಿರಬೇಕು.

ಆ ಕೈ ಯಾವುದಿರಬಹುದೆಂದು ೧೯೪೯ರಲ್ಲಿ ಊಹಿಸಿದವರು ಜೆ. ಬಿ. ಎಸ್. ಹಾಲ್ಡೇನ್. ೧೯೫೭ರಲ್ಲಿ ಇಂಗ್ಲೆಂಡು ಬಿಟ್ಟು ಇಲ್ಲಿಗೆ ಬಂದು, ಭಾರತದ ಪ್ರಜೆಯೇ ಆಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ಕಣ್ಣು ಮುಚ್ಚಿದವರು ಅವರು. ಮೆಡಿಟರೇನಿಯನ್ ತೀರದ ಥಲಸೀಮಿಯ ಎಂಬ ಇನ್ನೊಂದು ರಕ್ತರೋಗದ ವಿಷಯದಲ್ಲಿ, ಅದರ ವಾಹಕರಿಗೆ ಮಲೇರಿಯ ಅಷ್ಟಾಗಿ ತಾಗದೇನೋ ಎಂದರು. ಕುಡುಗೋಲು ಕಣದ ವಿಷಯದಲ್ಲಿ ಇದನ್ನು ನೆಲದ ಮೇಲೆ ಕಂಡವರು ಕೀನ್ಯಾದಲ್ಲಿ ಬೆಳೆದ ಆಲಿಸನ್. ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ, ಅಂದರೆ ಸೊಳ್ಳೆ ಮಲೇರಿಯಗಳ ಬೀಡಿನಲ್ಲಿ, ವಾಹಕರು ನೂರಕ್ಕೆ ಇಪ್ಪತ್ತನ್ನೂ ಮೀರಿದ್ದರು. ನಡುವಿನ ಎತ್ತರದ ತಂಪು ನಾಡಿನಲ್ಲಿ ನೂರಕ್ಕೆ ಒಬ್ಬರೂ ಸಿಕ್ಕುವುದು ಕಷ್ಟ. ೧೯೫೪ರಲ್ಲಿ ಅವರು ಇದನ್ನು ಪ್ರಕಟಿಸಿದರು. ವಾಹಕನ ರಕ್ತಕಣದೊಳಗೆ ಮಲೇರಿಯದ ಜೀವಾಣು ಹೊಕ್ಕರೆ ಅಲ್ಲಿ ಚೆನ್ನಾಗಿ ಬೆಳೆಯಲಾರದು. ಆ ಕಣವೂ ಬಾಗಿ, ಗುಲ್ಮದಲ್ಲಿ ಸೋಸಿ ಹೋಗುತ್ತದೆ. ಜ್ವರ ಬರುವುದೇ ಇಲ್ಲವೆಂದಲ್ಲ, ಕೊಲ್ಲುವಂಥ ಜ್ವರ ಬರುವುದು ಬಹಳ ಅಪರೂಪ.

ಮತ್ತೆ ನಮ್ಮ ನೂರು ಮಕ್ಕಳನ್ನು ಕರೆಯಿರಿ. ಎರಡೂ ಬಿಳಿಯಾದ ೮೧ರಲ್ಲಿ ಒಂಬತ್ತು ಮಕ್ಕಳನ್ನು ಮಲೇರಿಯ ಒಯ್ದಿತು, ಉಳಿದದ್ದು ೭೨. ವಾಹಕರು ೧೮ ಮಂದಿಯೂ ಬದುಕಿದರು. ಎರಡೂ ಕಪ್ಪಾದ ಮಗು ಹೋಯಿತು. ಇರುವವರು ೯೦, ಜೀನುಗಳು ೧೮೦, ಕಪ್ಪು ೧೮. ಹತ್ತರಲ್ಲಿ ಒಂದು! ಇದ್ದಲ್ಲೇ ಇದೆ. ನಿಜವಾದ ಊರುಗಳಲ್ಲಿ ಲೆಕ್ಕ ಇಷ್ಟು ಮಟ್ಟಸವಾಗಿ ಕೂರುವುದಿಲ್ಲ, ಆದರೆ ತಕ್ಕಡಿ ತೂಗುವ ಬಗೆ ಇದೇ. ಒಂದು ತಟ್ಟೆಯಲ್ಲಿ ರಕ್ತರೋಗದಿಂದ ಸತ್ತ ಮಗು, ಇನ್ನೊಂದರಲ್ಲಿ ಮಲೇರಿಯದಿಂದ ಸತ್ತ ಮಕ್ಕಳು. ನಿಸರ್ಗದ ಆಯ್ಕೆ ಎಂದು ಪುಸ್ತಕಗಳಲ್ಲಿ ಓದುವಾಗ ಅದೇನೋ ಜಾಣ ಮಾಲಿಯ ಕೆಲಸವೆಂಬಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅದರ ಲೆಕ್ಕದ ಪುಸ್ತಕ ಹೀಗಿದೆ.

ನಮ್ಮ ದೇಶದಲ್ಲಿ ಈ ಜೀನು ಮೊದಲು ಕಂಡದ್ದು ೧೯೫೨ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ಆಮೇಲೆ ಮಧ್ಯಭಾರತದ ಆದಿವಾಸಿಗಳಲ್ಲಿ ವಿಸ್ತಾರವಾಗಿ ಸಿಕ್ಕಿತು. ನಮ್ಮ ಮೈಸೂರು, ಕೊಡಗು, ಚಾಮರಾಜನಗರದ ಕಾಡಂಚಿನ ಸೋಲಿಗ, ಜೇನುಕುರುಬ ಮೊದಲಾದವರಲ್ಲೂ ಉಂಟು. ಮಲೆಸೀಮೆಯ ಚಳಿಜ್ವರ, ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು, ಪಾಳುಬಿದ್ದ ಊರುಗಳು, ಇವನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ೧೯೫೩ರಲ್ಲಿ ದೇಶವ್ಯಾಪಿ ಮಲೇರಿಯ ನಿಯಂತ್ರಣ ಆರಂಭವಾದ ಮೇಲೆ ಆ ಕಾಟ ಬಹುಮಟ್ಟಿಗೆ ತಗ್ಗಿತು. ತಕ್ಕಡಿಯ ಒಂದು ತಟ್ಟೆ ಬರಿದಾಯಿತು. ಜೀನು ಮಾತ್ರ ಇದೆ. ಮೊದಲೇ ಲೆಕ್ಕ ಹಾಕಿದೆವಲ್ಲ, ಹತ್ತು, ಹನ್ನೊಂದು, ಹನ್ನೆರಡು ಎಂದು ಅದು ಮೆಲ್ಲಗೆ ಇಳಿಯುವ ವಸ್ತು. ಕೊಡೆ ಹಿಡಿದವರ ಕೈಯಲ್ಲಿ ಮಳೆ ನಿಂತ ಮೇಲೂ ಕೊಡೆಯ ಭಾರ ಉಳಿದ ಹಾಗೆ.

೨೦೨೩ರ ಜುಲೈ ೧ರಂದು ಕೇಂದ್ರ ಸರಕಾರ ಈ ರೋಗದ ನಿರ್ಮೂಲನಕ್ಕೆಂದು ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕವೂ ಸೇರಿ ಹದಿನೇಳು ರಾಜ್ಯಗಳ ಗಿರಿಜನ ಪ್ರದೇಶಗಳಲ್ಲಿ ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿ. ರೋಗಿಗಳ ನೋವು ತಗ್ಗಿಸುವ ಹೈಡ್ರಾಕ್ಸಿಯೂರಿಯ ಎಂಬ ಔಷಧಿ ಉಂಟು. ಜೀನನ್ನೇ ತಿದ್ದುವ ಚಿಕಿತ್ಸೆಗೂ ೨೦೨೩ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಅನುಮತಿ ದೊರೆಯಿತು, ಆದರೆ ಅದರ ಬೆಲೆ ಹೇಳಿದರೆ ನಿಮಗೆ ನಗು ಬಂದೀತು: ಒಬ್ಬ ರೋಗಿಗೆ ಅಮೆರಿಕದಲ್ಲಿ ಇಪ್ಪತ್ತು ಲಕ್ಷ ಡಾಲರಿಗೂ ಮೇಲು.

ಇದು ಕಾಡಿನವರ ಮಾತು, ಪಟ್ಟಣದಲ್ಲಿರುವ ನಮಗೇಕೆ ಎನ್ನಬೇಡಿ. ಥಲಸೀಮಿಯದ ವಾಹಕರು ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ, ಪಟ್ಟಣಗಳಲ್ಲೂ ಇದ್ದಾರೆ. ಅಷ್ಟೇ ಅಲ್ಲ, ಹೆಸರೂ ತಿಳಿಯದ ಒಂದೆರಡು ಕಪ್ಪುಕಾಳು ನಮ್ಮೆಲ್ಲರಲ್ಲೂ ಅಡಗಿವೆ. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆ ಉಂಟಷ್ಟೆ. ಮಾವನಲ್ಲಿ ಅಂಥದೊಂದು ಅಪರೂಪದ ಜೀನಿದ್ದರೆ ಅದು ಸೊಸೆಯಲ್ಲೂ ಇರುವ ಸಂಭವ ನಾಲ್ಕರಲ್ಲಿ ಒಂದು. ಅತ್ತೆಯ ಮಗಳು, ಮಾವನ ಮಗಳು ಆದರೆ ಎಂಟರಲ್ಲಿ ಒಂದು. ಹೊರಗಿನ ಹೆಣ್ಣಾದರೆ ನೂರಾರರಲ್ಲಿ ಒಂದಿದ್ದೀತು. ಆಸ್ತಿ ಮನೆಯಲ್ಲೇ ಉಳಿಯಲೆಂದು ಮಾಡುವ ಸಂಬಂಧದಲ್ಲಿ ಆಸ್ತಿಯ ಜೊತೆಗೆ ಇದೂ ಮನೆಯಲ್ಲೇ ಉಳಿಯುತ್ತದೆ.

ಕೆಲವು ತಿಂಗಳ ಹಿಂದೆ ಪರಿಚಯದವರೊಬ್ಬರು ಬಂದಿದ್ದರು. ಮಗಳ ರಕ್ತಪರೀಕ್ಷೆಯಲ್ಲಿ ಕುಡುಗೋಲು ಕಣದ ವಾಹಕಳೆಂದು ಬಂದಿದೆ. ಸುದ್ದಿ ಕೇಳಿ ಗಂಡಿನ ಕಡೆಯವರು ಹಿಂದೆಗೆದಿದ್ದಾರೆ. ರೋಗದ ಹೆಣ್ಣು ಎಂಬ ಮಾತೂ ಆಡಿದ್ದಾರೆ. ಆಕೆ ರೋಗಿಯಲ್ಲ, ಶಾಲೆಯ ಓಟದಲ್ಲಿ ಬಹುಮಾನ ಗಳಿಸಿದವಳು. ಆಕೆಯ ಆ ಜೀನು ಯಾವುದೋ ಕಾಲದಲ್ಲಿ ಅವಳ ಹಿರಿಯರೊಬ್ಬರನ್ನು ಚಳಿಜ್ವರದಿಂದ ಬದುಕಿಸಿರಬಹುದು. ನಾನು ಹೇಳಿದ್ದು ಇಷ್ಟು: ಗಂಡೂ ಹೆಣ್ಣೂ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗು ಸರಿಯಾಗಿದ್ದರೆ ಎರಡನೆಯದಕ್ಕೆ ಬರುತ್ತದೆ ಎಂದಾಗಲಿ, ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರಕ್ಕೆ ಭಯವಿಲ್ಲ ಎಂದಾಗಲಿ ಲೆಕ್ಕ ಹಾಕುವಂತಿಲ್ಲ, ಕಾಸಿಗೆ ಹಿಂದಿನ ನೆನಪಿಲ್ಲ. ಒಬ್ಬರು ಮಾತ್ರ ವಾಹಕರಾಗಿ, ಇನ್ನೊಬ್ಬರ ರಕ್ತದಲ್ಲಿ ಇಂಥ ದೋಷ ಯಾವುದೂ ಇಲ್ಲದಿದ್ದರೆ, ಮಕ್ಕಳಲ್ಲಿ ಅರ್ಧ ವಾಹಕರಾದಾರು, ರೋಗಿಗಳಾಗುವುದಿಲ್ಲ. ಆದ್ದರಿಂದ ಹುಡುಗಿಯನ್ನು ಬಿಡುವ ಮೊದಲು ಹುಡುಗನ ರಕ್ತವನ್ನು ನೋಡಿಸಲಿ ಎಂದೆ.

ನೋಡಿಸಿದರು. ಹುಡುಗನ ರಕ್ತದಲ್ಲಿ ಆ ಜೀನೂ ಇರಲಿಲ್ಲ, ಥಲಸೀಮಿಯವೂ ಇರಲಿಲ್ಲ. ಲಗ್ನಪತ್ರಿಕೆ ಹೋದ ವಾರ ಬಂತು.